ಫ್ಲೋಟ್ ಲೆವೆಲ್ ತಾನಾಗಿ ಬದಲಾಗಲ್ಲ: ಹಳೇ ಕಾರಿನ ಕಾರ್ಬೊರೇಟರ್‌ನಲ್ಲಿ ದೋಷ ಹುಡುಕುವ ಕ್ರಮ

ಮನೆಯ ಸಂಪಿನಲ್ಲಿ ಬಾಲ್ ವಾಲ್ವ್ ನೋಡಿದ್ದೀರಲ್ಲ? ಕಾವೇರಿ ನೀರು ಬರುತ್ತದೆ, ಸಂಪು ತುಂಬುತ್ತದೆ, ಬಾಲು ಮೇಲೆದ್ದು ನಲ್ಲಿ ಮುಚ್ಚುತ್ತದೆ. ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್‌ನ ಫ್ಲೋಟ್ ಚೇಂಬರ್‌ನಲ್ಲಿ, ಅಂದರೆ ಅದರ ಪುಟ್ಟ ಪೆಟ್ರೋಲ್ ತೊಟ್ಟಿಯಲ್ಲಿ, ನಡೆಯುವುದೂ ಇಷ್ಟೇ. ಪಂಪ್ ಪೆಟ್ರೋಲ್ ತಳ್ಳುತ್ತದೆ, ಫ್ಲೋಟ್ ಏಳುತ್ತದೆ, ನೀಡಲ್ ಅನ್ನುವ ಚೂಪು ಕಡ್ಡಿ ಸೀಟಿಗೆ, ಅಂದರೆ ಪೆಟ್ರೋಲ್ ಬರುವ ತೂತಿನ ಬಾಯಿಗೆ, ಕೂತು ದಾರಿ ಮುಚ್ಚುತ್ತದೆ. ಸಂಪಿನಲ್ಲಿ ನೀರು ನಾಲ್ಕು ಬೆರಳು ಆಚೀಚೆ ಆದರೆ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಮಾತ್ರ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಇಂಜಿನ್ ಗೊಣಗಲು ಶುರುಮಾಡುತ್ತದೆ.

ಚೇಂಬರ್‌ನಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕೆ ನಿಲ್ಲುತ್ತದೋ ಜೆಟ್‌ನೊಳಗೂ (ಇಂಜಿನ್ ಕಡೆಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ನಳಿಗೆ) ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿಂದ ಅದನ್ನು ಗಾಳಿ ಹೀರಿ ಮೇಲೆತ್ತಬೇಕು. ಮಟ್ಟ ಜಾಸ್ತಿ ಇದ್ದರೆ ಸುಲಭವಾಗಿ ಬರುತ್ತದೆ, ಬೇಡದಿದ್ದಾಗಲೂ ಬರುತ್ತದೆ. ಕಡಿಮೆ ಇದ್ದರೆ ಬೇಕಾದಾಗ ಬರಲ್ಲ.

ನನ್ನ ಹತ್ತಿರ ಇರುವುದು 1974ರ ಅಂಬಾಸಡರ್. ಸೋದರಮಾವನ ಗಾಡಿ. ಒಂದು ವರ್ಷ ಪೆಟ್ರೋಲ್ ಸೋರುವ ಕಾಯಿಲೆ ಹಿಡಿದುಕೊಂಡಿತ್ತು. ಒಂದು ಗ್ಯಾರೇಜ್‌ನಲ್ಲಿ ನೀಡಲನ್ನು ಒತ್ತುವ ಫ್ಲೋಟ್ ನಾಲಗೆಯನ್ನು ಬಗ್ಗಿಸಿ ಲೆವೆಲ್ ಇಳಿಸಿಕೊಟ್ಟರು. ಸೋರುವುದು ನಿಂತಿತು, ಆದರೆ ನಂದಿ ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ಗಾಡಿ ಉಸಿರು ಕಟ್ಟಿದ ಹಾಗೆ ಆಡಿತು. ಇನ್ನೊಂದು ಕಡೆ ಮತ್ತೆ ಏರಿಸಿದರು, ಮತ್ತೆ ಸೋರಿತು. ಕೊನೆಗೆ ಒಬ್ಬ ಹಳೇ ಮೇಸ್ತ್ರಿ ಚೇಂಬರ್ ಮುಚ್ಚಳ ಬಿಚ್ಚಿ ನೋಡಿ ಕೇಳಿದರು: ‘ಸಾರ್, ಇದು ಐವತ್ತು ವರ್ಷ ಸರಿಯಾಗೇ ಇತ್ತಲ್ವಾ? ಫ್ಲೋಟು ರಾತ್ರಿ ಎದ್ದು ತಾನೇ ಬಗ್ಗಿಕೊಳ್ತಾ?’

ಉತ್ತರ ಮುಚ್ಚಳದ ಕೆಳಗೇ ಇತ್ತು. ಯಾರೋ ದಪ್ಪ ಶೀಟಿನಲ್ಲಿ ಕತ್ತರಿಸಿದ ಗ್ಯಾಸ್ಕೆಟ್ (ಮುಚ್ಚಳದ ಸಂದಿನಲ್ಲಿ ಸೋರದಂತೆ ಇಡುವ ಹಾಳೆ) ಹಾಕಿದ್ದರು. ಈ ಕಾರ್ಬೊರೇಟರ್‌ನಲ್ಲಿ ಫ್ಲೋಟ್ ನೇತಾಡುವುದು ಮುಚ್ಚಳಕ್ಕೆ. ಮುಚ್ಚಳ ಒಂದು ಮಿ.ಮೀ. ಮೇಲೇರಿದರೆ ಪೆಟ್ರೋಲ್ ಮಟ್ಟವೂ ಒಂದು ಮಿ.ಮೀ. ಮೇಲೇರುತ್ತದೆ. ಅದರ ಮೇಲೆ ಹೊಸದಾಗಿ ಹಾಕಿದ್ದ ಎಲೆಕ್ಟ್ರಿಕ್ ಪಂಪ್ ಬೇರೆ ಬೇಕಾದ್ದಕ್ಕಿಂತ ಜೋರಾಗಿ ತಳ್ಳುತ್ತಿತ್ತು.

ಅದಕ್ಕೇ ಇಲ್ಲಿ ಲೆವೆಲ್ ಹೊಂದಿಸುವುದು ಕೊನೆಯಲ್ಲಿ ಬರುತ್ತದೆ. ಮೊದಲು ಏನು ಬದಲಾಯಿತು ಅಂತ ಹುಡುಕಬೇಕು. ಹೇಳಿರುವುದು ಹೆಚ್ಚಾಗಿ ಎಸ್‌ಯು ಮತ್ತು ಸೋಲೆಕ್ಸ್ ಅನ್ನುವ ಎರಡು ಹೆಸರಿನ ಕಾರ್ಬೊರೇಟರ್‌ಗಳ ಬಗ್ಗೆ. ನಮ್ಮ ಅಂಬಾಸಡರ್, ಪದ್ಮಿನಿ, ಮಾರಿಸ್ ಮೈನರ್, ಹೆರಾಲ್ಡ್‌ಗಳಲ್ಲಿ ಕಾಣುವುದು ಬಹುತೇಕ ಇವೆರಡೇ. ಅಂಬಾಸಡರ್‌ನಲ್ಲಂತೂ ಎರಡರಲ್ಲಿ ಯಾವುದು ಇದೆ ಅನ್ನುವುದು ಹಿಂದಿನ ಮಾಲೀಕರ ಕೈಗುಣ. ಬಾನೆಟ್ ತೆಗೆದು ನೋಡಿ: ಮೇಲೆ ಗಂಟೆಯ ಹಾಗೆ ಉದ್ದನೆ ಟೊಪ್ಪಿ ಇದ್ದರೆ ಎಸ್‌ಯು.

ಶುರುಮಾಡುವ ಮೊದಲು

ಈ ಭಾಗ ಬಿಟ್ಟು ಮುಂದೆ ಹೋಗಬೇಡಿ. ಅಂಬಾಸಡರ್‌ನ 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಇಂಜಿನ್‌ನಲ್ಲಿ ಗಾಳಿ-ಪೆಟ್ರೋಲ್ ಒಳಹೋಗುವ ಇನ್‌ಲೆಟ್, ಹೊಗೆ ಹೊರಬರುವ ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿವೆ. ಕಾರ್ಬೊರೇಟರ್‌ನಿಂದ ತೊಟ್ಟಿಕ್ಕಿದ ಪೆಟ್ರೋಲ್ ಬೀಳುವ ಕಡೆಯೇ ಎಕ್ಸಾಸ್ಟ್‌ನ ಬಿಸಿ ಮ್ಯಾನಿಫೋಲ್ಡ್ (ಕೊಳವೆ) ಇದೆ.

ಇಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ಒಂದು ವೈರ್ ಬಿಚ್ಚಿ. ಬಯಲಲ್ಲಿ ಕೆಲಸ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಇದಕ್ಕೆ ಜಾಗವೇ ಅಲ್ಲ. ಪಕ್ಕದಲ್ಲಿ ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಇಲ್ಲದಿದ್ದರೆ ಒಂದು ಬಕೆಟ್ ಮರಳಾದರೂ ಇರಲಿ. ನೀರು ಹಾಕಿದರೆ ಉರಿಯುವ ಪೆಟ್ರೋಲ್ ಅದರ ಮೇಲೆ ತೇಲಿಕೊಂಡು ಹರಡುತ್ತದೆ. ಚೇಂಬರ್‌ನಿಂದ ತೆಗೆದ ಪೆಟ್ರೋಲನ್ನು ಮುಚ್ಚಳ ಇರುವ ಲೋಹದ ಡಬ್ಬಕ್ಕೆ ಹಾಕಿ. ನೀರಿನ ಬಾಟಲಿಗೆ ಹಾಕಿ ಗೋಡೆ ಪಕ್ಕ ಇಡುವ ಅಭ್ಯಾಸ ನಮ್ಮಲ್ಲಿದೆ, ಮಕ್ಕಳಿರುವ ಮನೆಯಲ್ಲಿ ಅದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ.

ಓಡುತ್ತಿರುವಾಗಲೇ ಪೆಟ್ರೋಲ್ ಸುರಿಯುವುದು ಕಂಡರೆ ತಕ್ಷಣ ಇಗ್ನಿಷನ್ ಆಫ್ ಮಾಡಿ, ಗಾಡಿಯಿಂದ ದೂರ ನಿಲ್ಲಿ. ‘ಮನೆವರೆಗೂ ಹೋಗಿಬಿಡೋಣ, ಎರಡೇ ಕಿಲೋಮೀಟರ್’ ಅಂತ ಹೊರಡಬೇಡಿ.

ಲಕ್ಷಣ 1: ಪೆಟ್ರೋಲ್ ವಾಸನೆ, ಒದ್ದೆ ಕಾರ್ಬೊರೇಟರ್

ಮೊದಲ ಪ್ರಶ್ನೆ, ಎಲ್ಲಿಂದ ಬರುತ್ತಿದೆ? ಸೋರುವುದೆಲ್ಲ ಫ್ಲೋಟ್ ದೋಷ ಅಲ್ಲ.

ಇಂಜಿನ್ ತಣ್ಣಗಿರುವಾಗ ಕಾರ್ಬೊರೇಟರನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒಣಗಿದ ಮೇಲೆ ಮೈಗೆ ಹಚ್ಚುವ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ. ಗಾಳಿ ಒಳಗೆ ಹೋಗುವ ಬಾಯಿಗೆ ಬೀಳದ ಹಾಗೆ ನೋಡಿಕೊಳ್ಳಿ. ಈಗ ಪಂಪ್‌ನ ಕೈ ಲಿವರ್ ಇದ್ದರೆ ಹತ್ತಿಪ್ಪತ್ತು ಸಲ ಒತ್ತಿ. ಎಲೆಕ್ಟ್ರಿಕ್ ಪಂಪ್ ಆಗಿದ್ದರೆ ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಬಿಳಿ ಪೌಡರ್ ಮೇಲೆ ಒದ್ದೆ ಗೆರೆ ಎಲ್ಲಿಂದ ಶುರುವಾಗುತ್ತದೆ ಅಂತ ನೋಡುತ್ತಾ ನಿಲ್ಲಿ.

ಗೆರೆ ಪೆಟ್ರೋಲ್ ಪೈಪ್ ಜೋಡಣೆಯಲ್ಲಿ ಶುರುವಾದರೆ ಪೈಪ್ ಅಥವಾ ಕ್ಲಿಪ್ ಬದಲಿಸಿ, ಕೆಲಸ ಮುಗಿಯಿತು. ಎಸ್‌ಯು ಎಚ್‌ಎಸ್ ಮಾದರಿಯಲ್ಲಿ ಚೇಂಬರ್‌ನಿಂದ ಜೆಟ್ ಕೆಳಗೆ ಒಂದು ಸಣ್ಣ ನೈಲಾನ್ ಪೈಪ್ ಹೋಗುತ್ತದೆ. ಅದರ ತುದಿಯ ರಬ್ಬರ್ ಗಟ್ಟಿಯಾದರೆ ಜೆಟ್ ತಳ ಒದ್ದೆಯಾಗುತ್ತದೆ. ಹಳೇ ಎಚ್ ಮಾದರಿಯಲ್ಲಿ ಚೇಂಬರ್ ಹಿಡಿದಿರುವ ಬೋಲ್ಟ್ ಹತ್ತಿರ ವಾಷರ್ ಸೋರುತ್ತದೆ. ಇವು ಯಾವುದಕ್ಕೂ ಲೆವೆಲ್‌ಗೂ ಸಂಬಂಧವಿಲ್ಲ.

ಮುಚ್ಚಳದ ಓವರ್‌ಫ್ಲೋ ಪೈಪ್‌ನಿಂದ ಅಥವಾ ಗಾಳಿ ಬಾಯಿಯೊಳಗಿಂದ ಬಂದರೆ ಮಾತ್ರ ಚೇಂಬರ್ ತುಂಬಿ ಉಕ್ಕುತ್ತಿದೆ ಅಂತ ಅರ್ಥ. ಆಗ ಲಕ್ಷಣ 2ಕ್ಕೆ ಹೋಗಿ.

ಮೈನರ್ ಥರದ ಕಾರುಗಳಲ್ಲಿ ಎಸ್‌ಯು ಎಲೆಕ್ಟ್ರಿಕ್ ಪಂಪ್ ಇದ್ದರೆ ಒಂದು ಪುಕ್ಕಟೆ ಪರೀಕ್ಷೆ ಇದೆ. ಇಗ್ನಿಷನ್ ಆನ್ ಮಾಡಿದಾಗ ಪಂಪ್ ಟಕ್ ಟಕ್ ಅಂತ ಸ್ವಲ್ಪ ಹೊತ್ತು ಬಡಿದು ಸುಮ್ಮನಾಗಬೇಕು. ಚೇಂಬರ್ ತುಂಬಿತು, ನೀಡಲ್ ಮುಚ್ಚಿತು ಅಂತ ಅರ್ಥ. ಇಂಜಿನ್ ಓಡದೆ ಇದ್ದರೂ ಬಡಿಯುತ್ತಲೇ ಇದ್ದರೆ ನೀಡಲ್ ಮುಚ್ಚುತ್ತಿಲ್ಲ, ಅಥವಾ ಟ್ಯಾಂಕ್ ಕಡೆಯ ಪೈಪ್‌ನಲ್ಲಿ ಪಂಪ್ ಗಾಳಿ ಎಳೆಯುತ್ತಿದೆ.

ಲಕ್ಷಣ 2: ಓವರ್‌ಫ್ಲೋ ಪೈಪ್‌ನಿಂದ ಪೆಟ್ರೋಲ್ ತೊಟ್ಟಿಕ್ಕುವುದು

ಮೊದಲು ಮಾಡುವ ಕೆಲಸಕ್ಕೆ ಸ್ಪ್ಯಾನರ್ ಕೂಡ ಬೇಡ. ಸ್ಕ್ರೂಡ್ರೈವರ್ ಹಿಡಿಯಿಂದ ಚೇಂಬರ್ ಪಕ್ಕಕ್ಕೆ ಎರಡು ಮೂರು ಸಲ ಮೆಲ್ಲಗೆ ತಟ್ಟಿ. ನಿಂತರೆ ನೀಡಲ್‌ಗೆ ಕಸ ಸಿಕ್ಕಿತ್ತು ಅಂತ. ಹಾಗಂತ ಖುಷಿಪಟ್ಟು ಬಿಡಬೇಡಿ. ಆ ಕಸ ಟ್ಯಾಂಕ್‌ನಿಂದ ಬಂದಿದೆ, ನಾಳೆ ಇನ್ನೊಂದು ಬರುತ್ತದೆ. ಫಿಲ್ಟರ್ ಬದಲಿಸಿ. ಹಳೇ ಫಿಲ್ಟರನ್ನು ಬಿಳಿ ಬಟ್ಟೆಯ ಮೇಲೆ ಬಗ್ಗಿಸಿ ನೋಡಿ. ಕೆಂಪು ಪುಡಿ ಬಿದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ.

ನಿಲ್ಲಲಿಲ್ಲ ಅಂದರೆ ಮುಚ್ಚಳ ಬಿಚ್ಚಿ. ಬಿಚ್ಚುವ ಮೊದಲು ಮುಚ್ಚಳ ಯಾವ ದಿಕ್ಕಿಗೆ ಕೂತಿದೆ ಅಂತ ಒಂದು ಗೆರೆ ಎಳೆದುಕೊಳ್ಳಿ. ಎಸ್‌ಯು ಎಚ್‌ಎಸ್‌ನಲ್ಲಿ ಮೂರು ಸ್ಕ್ರೂ ಇರುತ್ತವೆ. ಒಂದರ ಕೆಳಗೆ ನಂಬರ್ ಕೊರೆದ ಚಿಕ್ಕ ಅಲ್ಯುಮಿನಿಯಂ ಬಿಲ್ಲೆ ಇದ್ದರೆ ನಿಮ್ಮ ಪುಣ್ಯ. ಆ ಕಾರ್ಬೊರೇಟರ್‌ನ ಜಾತಕವೇ ಅದರಲ್ಲಿದೆ, ಎಸೆಯಬೇಡಿ.

ಒಳಗೆ ಮೂರು ಭಾಗ ನೋಡಬೇಕು.

ಫ್ಲೋಟ್. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ಪೆಟ್ರೋಲ್ ನುಗ್ಗಿದೆ. ಹಿತ್ತಾಳೆ ಫ್ಲೋಟ್ ಆದರೆ ಬಿಸಿನೀರಿನ ಪರೀಕ್ಷೆ ಮಾಡಿ. ಒಲೆಯಿಂದ ಇಳಿಸಿ, ದೂರ ತಂದ ಪಾತ್ರೆಯ ಬಿಸಿನೀರಿನಲ್ಲಿ ಫ್ಲೋಟನ್ನು ಚಮಚದಿಂದ ಒತ್ತಿ ಮುಳುಗಿಸಿ. ಒಳಗಿನ ಗಾಳಿ ಹಿಗ್ಗಿ ತೂತಿನಿಂದ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ನಾನು ಮಾಡಿದಾಗ ಮೊದಲ ಹತ್ತು ಸೆಕೆಂಡ್ ಏನೂ ಕಾಣಲಿಲ್ಲ. ಆಮೇಲೆ ಬೆಸುಗೆ ಅಂಚಿನಿಂದ ಒಂದೇ ಒಂದು ದಾರದ ಹಾಗೆ ಗುಳ್ಳೆ ಎದ್ದಿತು. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಅಮ್ಮ ಬಿಡಲಿಲ್ಲ.

ತೂತು ಸಿಕ್ಕಿತು ಅಂತ ಬೆಸುಗೆ ಹಾಕಲು ಓಡಬೇಡಿ. ಒಳಗೆ ಪೆಟ್ರೋಲ್ ಆವಿ ಉಳಿದ ಫ್ಲೋಟ್‌ಗೆ ಬೆಂಕಿ ತೋರಿಸಿದರೆ ಸಿಡಿಯುತ್ತದೆ. ಇನ್ನೊಂದು ವಿಷಯ, ಬೆಸುಗೆಗೂ ತೂಕವಿದೆ. ಫ್ಲೋಟ್ ಭಾರವಾದರೆ ಪೆಟ್ರೋಲ್‌ನಲ್ಲಿ ಜಾಸ್ತಿ ಮುಳುಗುತ್ತದೆ, ತಡವಾಗಿ ಮುಚ್ಚುತ್ತದೆ, ಮಟ್ಟ ಏರುತ್ತದೆ. ಹೊಸ ಫ್ಲೋಟ್ ಸಿಗುವಾಗ ಹೊಸದೇ ಹಾಕಿ.

ನೀಡಲ್. ಅದರ ಚೂಪಿನ ಮೇಲೆ ಉಗುರು ಆಡಿಸಿ. ಉಗುರಿಗೆ ಬಳೆಯ ಹಾಗೆ ಒಂದು ಗೆರೆ ತಡೆದರೆ ಸವೆದಿದೆ. ಉಜ್ಜಿ ಸರಿಮಾಡಲು ಹೋಗಬೇಡಿ. ನೀಡಲ್, ಸೀಟು ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಹಳೆಯದನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ, ಹೆಸರು ಹೇಳಿದರೆ ಬೇರೆ ಅಳತೆಯದು ಬರುತ್ತದೆ. ರಬ್ಬರ್ ತುದಿಯ ನೀಡಲ್ ಕೇಳುವಾಗ ವಿಟಾನ್ ಅನ್ನುವ ವಿಶೇಷ ರಬ್ಬರಿನ ತುದಿಯೇ ಬೇಕು ಅನ್ನಿ. ಕಾರಣ ಮುಂದೆ ಬರುತ್ತದೆ.

ನೀಡಲ್ ಮುಚ್ಚುತ್ತಿದೆಯೇ ಅಂತ ನೋಡಲು, ಪೆಟ್ರೋಲ್ ಬರುವ ಮೂತಿಗೆ ಒಂದು ಸ್ವಚ್ಛವಾದ ಹೊಸ ಟ್ಯೂಬ್ ಸಿಕ್ಕಿಸಿ ಊದಿ. ಮುಚ್ಚಳ ನೇರವಾಗಿದ್ದಾಗ ಫ್ಲೋಟ್ ಜೋತುಬಿದ್ದು ಗಾಳಿ ಹೋಗಬೇಕು. ಮುಚ್ಚಳ ತಿರುಗಿಸಿ ಹಿಡಿದಾಗ ಫ್ಲೋಟ್ ಭಾರಕ್ಕೆ ಗಾಳಿ ನಿಲ್ಲಬೇಕು. ಊದಿ ಅಷ್ಟೇ, ಹೀರಬೇಡಿ.

ಗ್ಯಾಸ್ಕೆಟ್. ನನ್ನ ಕಥೆ ಹೇಳಿದ್ದೇನೆ. ಸೋಲೆಕ್ಸ್‌ನಲ್ಲಿ ವಾಲ್ವ್ ಮುಚ್ಚಳದಲ್ಲಿ, ಫ್ಲೋಟ್ ಕೆಳಗೆ ಚೇಂಬರ್‌ನಲ್ಲಿ. ಅಲ್ಲೂ ದಪ್ಪ ಗ್ಯಾಸ್ಕೆಟ್ ಹಾಕಿದರೆ ವಾಲ್ವ್ ಮೇಲೇರಿ ಮಟ್ಟ ಹೆಚ್ಚುತ್ತದೆ. ಸಿಲಿಕೋನ್ ಪೇಸ್ಟ್ ಅಂತೂ ಬೇಡವೇ ಬೇಡ. ಪೆಟ್ರೋಲ್‌ಗೆ ಉಬ್ಬಿ ಚೂರು ಚೂರಾಗಿ ಜೆಟ್‌ಗೆ ಹೋಗುತ್ತದೆ.

ಮೂರೂ ಸರಿಯಿದ್ದೂ ಉಕ್ಕುತ್ತಿದ್ದರೆ ಪಂಪ್ ಒತ್ತಡ ಅಳೆಯಿರಿ. ಕಡಿಮೆ ಒತ್ತಡದ, ಹತ್ತು ಪಿಎಸ್‌ಐವರೆಗಿನ ಗೇಜ್ ಬೇಕು, ಟೈರಿನದ್ದು ಆಗಲ್ಲ. ಎಸ್‌ಯುಗೆ 2ರಿಂದ 3 ಪಿಎಸ್‌ಐ ಸಾಕು. ಅಂಗಡಿಯಲ್ಲಿ ಸಿಗುವ ಕೆಲವು ಎಲೆಕ್ಟ್ರಿಕ್ ಪಂಪ್‌ಗಳು ಇದರ ಎರಡರಷ್ಟು ತಳ್ಳುತ್ತವೆ. ಪಾಪ, ಆ ಪುಟ್ಟ ಫ್ಲೋಟ್ ಎಷ್ಟು ಅಂತ ತಡೆದೀತು? ಪಂಪ್ ಬದಲಿಸಿ ಅಥವಾ ರೆಗ್ಯುಲೇಟರ್ ಹಾಕಿ. ಲೆವೆಲ್ ಇಳಿಸಿ ಪಂಪ್ ದೋಷ ಮುಚ್ಚಿದರೆ ನಂದಿ ಬೆಟ್ಟದಲ್ಲಿ ನನಗಾದದ್ದೇ ನಿಮಗೂ ಆಗುತ್ತದೆ.

ಲಕ್ಷಣ 3: ಮದ್ದೂರಿನಲ್ಲಿ ವಡೆ ತಿಂದು ಬಂದರೆ ಸ್ಟಾರ್ಟ್ ಆಗಲ್ಲ

ತಣ್ಣಗಿದ್ದಾಗ ಒಂದೇ ಸಲ ಸೆಲ್ಫ್ (ಸ್ಟಾರ್ಟರ್) ಹೊಡೆದರೆ ಏಳುವ ಗಾಡಿ, ಹಳೇ ಮೈಸೂರು ರಸ್ತೆಯಲ್ಲಿ ಒಂದೂವರೆ ಗಂಟೆ ಓಡಿ ಇಪ್ಪತ್ತು ನಿಮಿಷ ನಿಂತರೆ ಏಳಲ್ಲ. ಇದಕ್ಕೆ ಎರಡು ತದ್ವಿರುದ್ಧ ಕಾರಣಗಳಿವೆ. ಜನ ಎರಡನ್ನೂ ಸೇರಿಸಿ ‘ವೇಪರ್ ಲಾಕ್’ ಅಂದುಬಿಡುತ್ತಾರೆ.

ಮೊದಲು ಬಾನೆಟ್ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಗಪ್ಪಂತ ಹೊಡೆದರೆ ಪೆಟ್ರೋಲ್ ಜಾಸ್ತಿಯಾಗಿದೆ. ಇಂಜಿನ್ ನಿಂತ ಮೇಲೆ ಗಾಳಿಯೂ ಇಲ್ಲ, ನೀರೂ ಸುತ್ತಲ್ಲ, ಕೆಳಗಿನ ಕಾವೆಲ್ಲ ಚೇಂಬರ್‌ಗೆ ಏರುತ್ತದೆ. ಒಳಗಿನ ಪೆಟ್ರೋಲ್ ಕುದಿಯಲು ಹತ್ತಿ ಜೆಟ್ ದಾಟಿ ಇನ್‌ಲೆಟ್ ಮ್ಯಾನಿಫೋಲ್ಡ್‌ಗೆ ಇಳಿಯುತ್ತದೆ. ಮಟ್ಟ ಮೊದಲೇ ಜಾಸ್ತಿ ಇದ್ದರೆ ಇದು ಬೇಗ ಆಗುತ್ತದೆ. ಚೋಕ್ (ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಹೆಚ್ಚಿಸುವ ಗುಂಡಿ) ಮುಟ್ಟಬೇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದುಕೊಂಡು ಸೆಲ್ಫ್ ಹೊಡೆಯಿರಿ. ಪಂಪ್ ಮಾಡಬೇಡಿ, ಸುಮ್ನೆ ಒತ್ತಿ ಹಿಡಿಯಿರಿ. ಕಪ್ಪು ಹೊಗೆ ಬಿಟ್ಟುಕೊಂಡು ಎದ್ದರೆ ಅನುಮಾನ ಖಚಿತವಾಯಿತು.

ವಾಸನೆಯೇ ಇಲ್ಲ, ಸೆಲ್ಫ್ ಹೊಡೆದರೂ ಇಂಜಿನ್ ಹತ್ತಿಕೊಳ್ಳುವ ಸದ್ದೇ ಇಲ್ಲ ಅಂದರೆ ಪೆಟ್ರೋಲ್ ಬರುತ್ತಿಲ್ಲ. ಪಂಪ್‌ನಲ್ಲೋ ಪೈಪ್‌ನಲ್ಲೋ ಆವಿ ತುಂಬಿಕೊಂಡಿದೆ. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ. ಎದ್ದರೆ ಇದು ಫ್ಲೋಟ್ ಕಥೆ ಅಲ್ಲ. ಪೈಪ್ ಎಕ್ಸಾಸ್ಟ್‌ಗೆ ತಾಗುವ ಹಾಗೆ ಹೋಗಿದೆಯಾ, ಕಾರ್ಬೊರೇಟರ್ ಕೆಳಗೆ ಕಾವು ತಡೆಯುವ ದಪ್ಪ ಫೈಬರ್ ತುಂಡು ಮತ್ತು ತಗಡು ಇವೆಯಾ ಅಂತ ನೋಡಿ. ಯಾವುದೋ ಕಾಲದಲ್ಲಿ ಕಾರ್ಬೊರೇಟರ್ ಬಿಚ್ಚಿದವರು ಆ ತಗಡನ್ನು ‘ಇದೇನಕ್ಕೆ’ ಅಂತ ಎಸೆದಿರುತ್ತಾರೆ.

ಲಕ್ಷಣ 4: ಕಪ್ಪು ಹೊಗೆ, ಕಪ್ಪು ಪ್ಲಗ್, ಮೈಲೇಜ್ ಬಿದ್ದಿದೆ

ಚೋಕ್ ಕೇಬಲ್ ಮೊದಲು. ಎಸ್‌ಯುನಲ್ಲಿ ಚೋಕ್ ಎಳೆದರೆ ಜೆಟ್ ಕೆಳಕ್ಕೆ ಇಳಿಯುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಗುಂಡಿ ಪೂರ್ತಿ ಒಳಗೆ ಹೋಗಿದ್ದರೂ ಜೆಟ್ ಕೆಳಗೇ ಸಿಕ್ಕಿಕೊಂಡಿರಬಹುದು. ಕೆಳಗಿನಿಂದ ಬೆರಳಲ್ಲಿ ಮೇಲಕ್ಕೆ ಒತ್ತಿ. ಟಕ್ ಅಂತ ಮೇಲೆ ಹೋದರೆ ದೋಷ ಸಿಕ್ಕಿತು. ಆಮೇಲೆ ಏರ್ ಫಿಲ್ಟರ್.

ಎಸ್‌ಯುನಲ್ಲಿ ಇನ್ನೊಂದು ಪರೀಕ್ಷೆ. ಇಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಪಕ್ಕದ ಚಿಕ್ಕ ಪಿನ್ ಒತ್ತಿ ಟೊಪ್ಪಿಯೊಳಗಿನ ಪಿಸ್ಟನನ್ನು (ಇಂಜಿನ್‌ನದ್ದಲ್ಲ, ಕಾರ್ಬೊರೇಟರ್‌ನದ್ದೇ) ಸುಮಾರು 0.8 ಮಿ.ಮೀ. ಎತ್ತಿ. ಇಂಜಿನ್ ವೇಗ ಹೆಚ್ಚಾಗಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ. ತಕ್ಷಣ ಸಾಯಲು ಹೋದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ.

ಜಾಸ್ತಿ ಅಂತ ಬಂತು, ಜೆಟ್ ನಟ್ ತಿರುಗಿಸಿದಿರಿ, ಐಡ್ಲಿಂಗ್ ಸರಿಹೋಯಿತು. ಆದರೆ ಮಾರನೇ ದಿನ ಮತ್ತೆ ಅದೇ. ಹೀಗೆ ದಿನಕ್ಕೊಂದು ಥರ ಆಡಿದರೆ ಚೇಂಬರ್ ಮಟ್ಟವೇ ನಿಲ್ಲುತ್ತಿಲ್ಲ ಅಂತ. ನೀಡಲ್ ಒಮ್ಮೆ ಮುಚ್ಚುತ್ತದೆ, ಒಮ್ಮೆ ಇಲ್ಲ. ಲಕ್ಷಣ 2ಕ್ಕೆ ವಾಪಸ್. ದಿನಾಲೂ ಒಂದೇ ಥರ ಜಾಸ್ತಿ ಇದ್ದರೆ ಜೆಟ್, ಮತ್ತು ಪಿಸ್ಟನ್‌ನಿಂದ ಜೆಟ್‌ನೊಳಗೆ ಇಳಿಯುವ ಇನ್ನೊಂದು ನೀಡಲ್ (ಚೇಂಬರ್‌ನದ್ದಲ್ಲ) ಸವೆದಿವೆಯಾ ನೋಡಿ.

ಲಕ್ಷಣ 5: ಏರಿನಲ್ಲಿ ಎಳೆಯಲ್ಲ, ಕಾರ್ಬೊರೇಟರ್‌ನಲ್ಲಿ ಫಟ್ ಅಂತ ಸಿಡಿಯುತ್ತದೆ

ಊರೊಳಗೆ ಚೆನ್ನಾಗಿ ಓಡುತ್ತದೆ. ಚಾರ್ಮಾಡಿ ಘಾಟಿಯಲ್ಲೋ ಆಗುಂಬೆಯ 14 ತಿರುವುಗಳಲ್ಲೋ ರೇಸ್ ಒತ್ತಿ ಹಿಡಿದರೆ ಮುಕ್ಕುತ್ತದೆ, ಅಂದರೆ ತಡವರಿಸುತ್ತದೆ. ಇದು ಪೆಟ್ರೋಲ್ ಕಡಿಮೆಯಾದ ಲಕ್ಷಣ. ಆದರೆ ಮಟ್ಟ ಕಡಿಮೆಯೋ, ಬರುವ ದಾರಿಯಲ್ಲೇ ಕಡಿಮೆಯೋ?

ಅತಿ ಅಗ್ಗದ ಪರೀಕ್ಷೆ, ಟ್ಯಾಂಕ್ ಮುಚ್ಚಳ. ಗಾಡಿ ಮುಕ್ಕಿದಾಗ ನಿಲ್ಲಿಸಿ ಮುಚ್ಚಳ ತಿರುಗಿಸಿ. ಸುಸ್ಸ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಇದಕ್ಕೆ ಕಾರ್ಬೊರೇಟರ್ ಬಿಚ್ಚಿಸಿಕೊಂಡವರನ್ನು ನಾನು ನೋಡಿದ್ದೇನೆ.

ಎರಡನೆಯದು ಸ್ವಲ್ಪ ತಾಳ್ಮೆ ಬೇಡುತ್ತದೆ. ಏರಿನಲ್ಲಿ ಮುಕ್ಕುತ್ತಿರುವಾಗಲೇ ಕ್ಲಚ್ ಒತ್ತಿ, ಇಗ್ನಿಷನ್ ಆಫ್ ಮಾಡಿ, ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ. ವಾಹನ ಸಂಚಾರ ಇಲ್ಲದ ರಸ್ತೆಯಲ್ಲಿ ಮಾತ್ರ ಇದನ್ನು ಮಾಡಿ. ತಿರುವಿನಲ್ಲಂತೂ ಬೇಡ. ಇಂಜಿನ್ ತಣ್ಣಗಾಗುವವರೆಗೂ ಕಾದು ಚೇಂಬರ್ ಮುಚ್ಚಳ ತೆಗೆದು ನೋಡಿ. ಚೇಂಬರ್ ಅರ್ಧ ಖಾಲಿಯಾಗಿದ್ದರೆ ಪೆಟ್ರೋಲ್ ಬರುತ್ತಿಲ್ಲ: ಫಿಲ್ಟರ್, ಪಂಪ್ ಡಯಾಫ್ರಮ್ (ಪಂಪ್‌ನೊಳಗಿನ ಪೊರೆ), ಪೈಪ್ ನೋಡಿ. ಮಾಮೂಲಿ ಮಟ್ಟ ಇದ್ದರೆ ಪೆಟ್ರೋಲ್ ಬರುತ್ತಿದೆ. ಆಗ ಆ ಮಾಮೂಲಿ ಮಟ್ಟವೇ ಕಡಿಮೆಯೇ, ಜೆಟ್ ಕಟ್ಟಿದೆಯೇ ಅಂತ ನೋಡಬೇಕು.

ತಿರುವಿನಲ್ಲಿ ಒಂದು ಕಡೆಗೆ ತಿರುಗಿದಾಗ ಮಾತ್ರ, ಅಥವಾ ಬ್ರೇಕ್ ಹಾಕಿದಾಗ ಮಾತ್ರ ಮುಕ್ಕಿದರೆ ಫ್ಲೋಟ್ ಚೇಂಬರ್ ಗೋಡೆಗೆ ಉಜ್ಜುತ್ತಿರಬಹುದು. ಫ್ಲೋಟ್ ಪಕ್ಕದಲ್ಲಿ ಹೊಳೆಯುವ ಗೀರು ಇದ್ದರೆ ಅದೇ.

ಲಕ್ಷಣ 6: ಇ20 ಬಂದ ಮೇಲೆ ಶುರುವಾಯಿತು

ಇದನ್ನು ಈಗ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ನೂರಕ್ಕೆ 20 ಭಾಗ ಎಥೆನಾಲ್ ಸೇರಿದ ಪೆಟ್ರೋಲ್ 2023ರಲ್ಲಿ ಬರಲು ಶುರುವಾಗಿ 2025ರ ಹೊತ್ತಿಗೆ ಬಹುತೇಕ ಎಲ್ಲ ಬಂಕ್‌ಗಳಿಗೂ ಬಂತು. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥೆನಾಲ್‌ಗೆ ಸುಮಾರು 9 ಸಾಕು. ಹಳೇ ಜೆಟ್ ಹಳೇ ಲೆಕ್ಕದಲ್ಲೇ ಬಿಡುತ್ತದೆ. ಹಾಗಾಗಿ ಇ20 ಹಾಕಿದಾಗ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ತಣ್ಣಗಿದ್ದಾಗ ಮುಕ್ಕುವುದು, ಚೋಕ್ ಜಾಸ್ತಿ ಹೊತ್ತು ಬೇಕಾಗುವುದು ಇದರಿಂದ ಆಗಬಹುದು.

ಇದಕ್ಕೆ ಫ್ಲೋಟ್ ಲೆವೆಲ್ ಏರಿಸುವುದು ತಪ್ಪು. ಎಸ್‌ಯು ಆದರೆ ಜೆಟ್ ನಟ್ಟನ್ನು ಕೆಳಕ್ಕೆ ಒಂದು ಮೂಲೆ, ಹೆಚ್ಚೆಂದರೆ ಎರಡು ಮೂಲೆ ತಿರುಗಿಸಿ ನೋಡಿ. ಸೋಲೆಕ್ಸ್ ಆದರೆ ಮುಂದಿನ ನಂಬರ್ ಮೇನ್ ಜೆಟ್.

ಎಥೆನಾಲ್‌ನ ನಿಜವಾದ ಕಾಟ ಬೇರೆ. ಹಳೇ ರಬ್ಬರ್, ಕಾರ್ಕ್ ಉಬ್ಬುತ್ತವೆ, ಮೆತ್ತಗಾಗುತ್ತವೆ. ಟ್ಯಾಂಕ್ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಕೊಳೆ ಬಿಟ್ಟುಕೊಂಡು ನೇರ ನೀಡಲ್‌ಗೆ ಬರುತ್ತದೆ. ವಿಟಾನ್ ತುದಿ ಕೇಳಿ ಅಂದದ್ದು ಇದಕ್ಕೇ. ಎಥೆನಾಲ್ ನೀರನ್ನೂ ಹೀರುತ್ತದೆ. ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನಿಂತ ಕಾರಿನ ಚೇಂಬರ್ ತಳದಲ್ಲಿ ಬಿಳಿ ಪುಡಿಯೋ ಲೋಳೆಯೋ ಕಂಡರೆ ಆಶ್ಚರ್ಯಪಡಬೇಡಿ. ನಿಲ್ಲಿಸುವ ಮೊದಲು ಚೇಂಬರ್ ಖಾಲಿ ಮಾಡಿಬಿಡಿ.

ಈಗ ಲೆವೆಲ್ ಹೊಂದಿಸುವುದು

ಇಷ್ಟೆಲ್ಲ ಆದ ಮೇಲೂ ಮಟ್ಟವೇ ತಪ್ಪು ಅಂತ ಖಾತ್ರಿಯಾದರೆ, ಅಥವಾ ನೀಡಲ್, ಸೀಟು, ಫ್ಲೋಟ್ ಹೊಸದು ಹಾಕಿದ್ದರೆ ಅಳತೆ ನೋಡಲೇಬೇಕು.

ಎಸ್‌ಯು ಎಚ್‌ಎಸ್. (ಎಚ್‌ಎಸ್2 ಅಂದರೆ ಒಂದೂಕಾಲು ಅಂಗುಲದ ಬಾಯಿ, ಎಚ್‌ಎಸ್4 ಅಂದರೆ ಒಂದೂವರೆ. ಕೊನೆಯ ಅಂಕಿ ಒಂದು ಅಂಗುಲದ ಮೇಲಿನ ಎಂಟನೇ ಭಾಗಗಳ ಲೆಕ್ಕ.) ಗ್ಯಾಸ್ಕೆಟ್ ತೆಗೆದು ಮುಚ್ಚಳವನ್ನು ತಲೆಕೆಳಗಾಗಿ ಹಿಡಿಯಿರಿ. ಫ್ಲೋಟ್ ತನ್ನ ಭಾರದಿಂದಲೇ ನೀಡಲ್ ಮೇಲೆ ಕೂರಲಿ, ಬೆರಳಲ್ಲಿ ಒತ್ತಬೇಡಿ. ಕೆಲವು ನೀಡಲ್‌ಗಳಲ್ಲಿ ಸ್ಪ್ರಿಂಗ್ ಇರುತ್ತದೆ, ಒತ್ತಿದರೆ ಅಳತೆ ಸುಳ್ಳಾಗುತ್ತದೆ. ಈಗ ಫ್ಲೋಟ್‌ಗೂ ಮುಚ್ಚಳದ ಅಂಚಿಗೂ ನಡುವೆ 3.2ರಿಂದ 4.8 ಮಿ.ಮೀ. ಸಂದು ಇರಬೇಕು. ಬೇರೆ ಉಪಕರಣ ಬೇಡ. ಒಂದು 4 ಮಿ.ಮೀ. ಡ್ರಿಲ್ ಬಿಟ್‌ನ ನುಣುಪಾದ ಹಿಂಭಾಗವನ್ನು ಕೀಲು ಪಿನ್‌ಗೆ ಸಮವಾಗಿ ಅಡ್ಡ ಇಟ್ಟು ತೂರಿಸಿ. ಫ್ಲೋಟನ್ನು ಎತ್ತದೆ, ಸಡಿಲವಾಗಿಯೂ ಅಲ್ಲದೆ, ಮುಟ್ಟಿಯೂ ಮುಟ್ಟದ ಹಾಗೆ ಜಾರಿದರೆ ನೀವು ಸರಿಯಾಗಿ ನಡುವೆ ಇದ್ದೀರಿ.

ಇಲ್ಲಿ ಎಲ್ಲರೂ ಗಲಿಬಿಲಿಯಾಗುತ್ತಾರೆ, ನಾನೂ ಆಗಿದ್ದೆ. ಮುಚ್ಚಳ ತಲೆಕೆಳಗಾಗಿದೆ ಅನ್ನುವುದು ಮರೆಯಬೇಡಿ. ಸಂದು ಹೆಚ್ಚಾದರೆ ಪೆಟ್ರೋಲ್ ಮಟ್ಟ ಕಡಿಮೆ. ಸಂದು ಕಡಿಮೆಯಾದರೆ ಮಟ್ಟ ಹೆಚ್ಚು. ಕೈಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಲೋಹದ ನಾಲಗೆ ಇದ್ದರೆ ಚಿಕ್ಕ ಮೂತಿಯ ಇಕ್ಕಳದಲ್ಲಿ ಕೂದಲೆಳೆಯಷ್ಟು ಬಗ್ಗಿಸಿ. ಬಗ್ಗಿಸುವಾಗ ಫ್ಲೋಟ್ ಒತ್ತಡ ನೀಡಲ್ ಮೇಲೆ ಬೀಳಬಾರದು. ಪೂರ್ತಿ ಪ್ಲಾಸ್ಟಿಕ್ ಫ್ಲೋಟ್ ಆದರೆ ಬಗ್ಗಿಸಲಾಗಲ್ಲ, ಮುರಿಯುತ್ತದೆ. ಸೀಟಿನ ಕೆಳಗೆ ತೆಳು ವಾಷರ್ ಸೇರಿಸಿ ಅಥವಾ ತೆಗೆದು ಹೊಂದಿಸಬೇಕು.

ಹಳೇ ಎಚ್ ಮಾದರಿಯಲ್ಲಿ ಫ್ಲೋಟ್ ಬೇರೆ, ಕವಲೊಡೆದ ಲಿವರ್ ಬೇರೆ. ಮೈನರ್ ಥರದ ಕಾರುಗಳಲ್ಲಿ ಮುಚ್ಚಳದ ಅಂಚಿಗೂ ಕವಲಿಗೂ ನಡುವೆ ಸಾಮಾನ್ಯವಾಗಿ 7/16 ಅಂಗುಲದ, ಅಂದರೆ ಸುಮಾರು 11 ಮಿ.ಮೀ. ಗುಂಡು ಸರಳು ಹಿಡಿಸಬೇಕು. ಮುಚ್ಚಳದ ಅಳತೆ ಬೇರೆಯಾದರೆ ಇದೂ ಬೇರೆ, ನಿಮ್ಮ ಕಾರಿನ ಕೈಪಿಡಿ ನೋಡಿಕೊಳ್ಳಿ. ಬಗ್ಗಿಸುವುದು ಕವಲು ಶುರುವಾಗುವ ಜಾಗದಲ್ಲಿ. ಕವಲಿನ ತುದಿಗಳನ್ನಲ್ಲ.

ಸೋಲೆಕ್ಸ್‌ನಲ್ಲಿ ಏನನ್ನೂ ಬಗ್ಗಿಸುವ ಹಾಗಿಲ್ಲ. ವಾಲ್ವ್ ಕೆಳಗಿನ ವಾಷರ್ ದಪ್ಪವೇ ಎಲ್ಲ. ದಪ್ಪ ವಾಷರ್ ಹಾಕಿದರೆ ವಾಲ್ವ್ ಕೆಳಗಿಳಿದು ಬೇಗ ಮುಚ್ಚುತ್ತದೆ, ಮಟ್ಟ ಇಳಿಯುತ್ತದೆ. ತೆಳು ಹಾಕಿದರೆ ಏರುತ್ತದೆ. ವಾಷರ್ ಕಳೆದುಹೋಯಿತು ಅಂತ ಸೀಲ್ ಆಗುವ ಯಾವುದೋ ತಾಮ್ರದ ವಾಷರ್ ಹಾಕಿದ್ದಾರಾ ಅಂತ ಮೊದಲು ಅಳೆದು ನೋಡಿ. ಅರ್ಧ ದೋಷಗಳು ಅಲ್ಲೇ ಮುಗಿಯುತ್ತವೆ. ಮಟ್ಟ ಅಳೆಯಲು ಸಮತಟ್ಟು ನೆಲದಲ್ಲಿ ಇಂಜಿನ್ ಓಡಿಸಿ, ಆಫ್ ಮಾಡಿ, ತಣ್ಣಗಾಗಲು ಬಿಡಿ. ಪಂಪ್ ಲಿವರ್ ಒತ್ತಿ ಚೇಂಬರ್ ಮತ್ತೆ ತುಂಬಿಸಿ. ಮುಚ್ಚಳ ತೆಗೆದು ಅಂಚಿನಿಂದ ಪೆಟ್ರೋಲ್ ಮೇಲ್ಮೈವರೆಗೆ ವರ್ನಿಯರ್‌ನ ಹಿಂದಿನ ಕಡ್ಡಿಯಲ್ಲಿ ಅಳೆಯಿರಿ. ಅಳತೆ ಮಾದರಿಯಿಂದ ಮಾದರಿಗೆ ಬೇರೆ. ಪದ್ಮಿನಿಯದ್ದನ್ನು ಜೀಪಿಗೆ ಹಾಕಬೇಡಿ.

ಎಸ್‌ಯುನಲ್ಲಿ ಇನ್ನೂ ಅನುಮಾನ ಉಳಿದಿದ್ದರೆ ಟೊಪ್ಪಿ, ಪಿಸ್ಟನ್, ಅದಕ್ಕೆ ಅಂಟಿಕೊಂಡ ನೀಡಲ್ ತೆಗೆದು, ಪಂಪ್ ಲಿವರ್ ಒತ್ತಿ, ಟಾರ್ಚ್ ಬಿಟ್ಟು ಜೆಟ್ ಒಳಗೆ ನೋಡಿ. ಪೆಟ್ರೋಲ್ ಜೆಟ್ ಬಾಯಿಗಿಂತ ಸ್ವಲ್ಪ ಕೆಳಗೆ ಕಣ್ಣಿನ ಹಾಗೆ ಮಿನುಗುತ್ತಾ ಅಲ್ಲೇ ನಿಲ್ಲಬೇಕು. ಬಾಯಿಗೆ ಬಂದು ಉಕ್ಕಿದರೆ ಜಾಸ್ತಿ.

ಇಲ್ಲಿಗೆ ಕೈ ಬಿಡಿ

ಹೊಸ ನೀಡಲ್, ಹೊಸ ಫ್ಲೋಟ್, ಸರಿಯಾದ ಒತ್ತಡ, ಸರಿಯಾದ ಅಳತೆ. ಆದರೂ ಉಕ್ಕುತ್ತಿದೆ. ಆಗ ಮುಚ್ಚಳದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಸೀಟು ಕೂರುವ ಮರೆ (ತಿರುಪಿನ ಗೆರೆ) ಕೆಟ್ಟಿರಬಹುದು. ಇದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಥ್ರಾಟಲ್ ಸ್ಪಿಂಡಲ್ (ಆಕ್ಸಿಲರೇಟರ್ ಒತ್ತಿದಾಗ ಕಾರ್ಬೊರೇಟರ್‌ನಲ್ಲಿ ತಿರುಗುವ ಕಡ್ಡಿ) ಹಿಡಿದು ಅಲ್ಲಾಡಿಸಿದಾಗ ಕಟಕಟ ಅಂದರೂ ಅಷ್ಟೇ. ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ, ಲೇತ್ ಇರುವ ಕಡೆ ಬುಷ್ ಹಾಕಿಸಬೇಕು. ಡಿಪ್‌ಸ್ಟಿಕ್ ಎಳೆದು ಮೂಸಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಮೊದಲು ಆಯಿಲ್ ಬದಲಿಸಿ. ಪಂಪ್ ಡಯಾಫ್ರಮ್ ಹರಿದಿದೆಯಾ ಅಂತಲೂ ನೋಡಿಸಿ.

ಮೆಕ್ಯಾನಿಕ್ ಹತ್ತಿರ ಹೋದಾಗ ‘ಫ್ಲೋಟ್ ಲೆವೆಲ್ ಸರಿ ಮಾಡಿಕೊಡಿ’ ಅನ್ನಬೇಡಿ. ಅವರು ಅದನ್ನೇ ಮಾಡಿಕೊಡುತ್ತಾರೆ. ಯಾವಾಗ ಸೋರುತ್ತದೆ, ಎಲ್ಲಿಂದ, ಪಂಪ್ ಒತ್ತಡ ಎಷ್ಟು ಬಂತು, ಏನೇನು ಬದಲಿಸಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ.

ಎಲ್ಲ ಜೋಡಿಸಿ ಮುಗಿದ ದಿನ ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಓವರ್‌ಫ್ಲೋ ಪೈಪ್ ಕೆಳಗೆ ನೆಲದ ಮೇಲೆ ಹಳೇ ದಿನಪತ್ರಿಕೆ ಹಾಸಿ, ಮೇಲೆ ಕಲ್ಲಿಡಿ. ಪೆಟ್ರೋಲ್ ಬೆಳಗಾಗುವಷ್ಟರಲ್ಲಿ ಆರಿಹೋಗಿರುತ್ತದೆ, ಆದರೆ ಬಿದ್ದ ಕಡೆ ಕಾಗದ ಮುದುರಿ ಹಳದಿ ಅಂಚಿನ ಕಲೆ ಉಳಿದಿರುತ್ತದೆ. ನಾನು ಮೂರು ರಾತ್ರಿ ಹಾಸಿದೆ. ಮೂರನೇ ದಿನ ಕಾಗದದ ಮೇಲೆ ಬರೀ ಬೆಕ್ಕಿನ ಹೆಜ್ಜೆ ಇತ್ತು.